ಸ್ಯಾಂಡರ್‌ನ ವೈರ್ ಕೆಲಸದ ನಡುವೆ ಕಳಚದಂತೆ ನೋಡಿಕೊಳ್ಳುವುದು

ತೇಗದ ಬಾಗಿಲು ಉಜ್ಜುತ್ತಿರುವಾಗ ಸ್ಯಾಂಡರ್ (ಮರ ಉಜ್ಜಿ ನುಣುಪು ಮಾಡುವ ಮಿಷನ್) ಅರೆಕ್ಷಣ ನಿಂತು ಮತ್ತೆ ಓಡಿತೆಂದರೆ ಎಲ್ಲರೂ ಮೊದಲು ಬೈಯುವುದು ಕರೆಂಟನ್ನು, ಆಮೇಲೆ ಮೋಟಾರಿನೊಳಗಿನ ಕಾರ್ಬನ್ ಬ್ರಷ್ಷನ್ನು. ಬಿಚ್ಚಿ ಹಾಕುವ ವೈರಿನ ಮಿಷನ್ನಾದರೆ ಮೊದಲು ನೋಡಬೇಕಾದದ್ದು ಅದರ ಹಿಂಬದಿಯಲ್ಲಿ ವೈರಿನ ಪ್ಲಗ್ ಕೂರುವ ಜಾಯಿಂಟನ್ನು.

ಅಲ್ಲಿ ನಡೆಯುವುದು ಇಷ್ಟು. ಮಿಷನ್ ನಿಮಿಷಕ್ಕೆ ಎಂಟು ಹತ್ತು ಸಾವಿರ ಸಲ ಅದುರುತ್ತದೆ. ವೈರ್ ಟೇಬಲ್ ಅಂಚಿಗೆ ಸಿಕ್ಕಿ ಎಳೆಯುತ್ತಿದ್ದರೆ ಆ ಎಳೆತಕ್ಕೆ ಅದುರುವಿಕೆಯೂ ಸೇರಿ ಪ್ಲಗ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಪಿನ್ನು ಪೂರ್ತಿ ತಾಗದೆ ಅಲ್ಲೇ ಬಿಸಿ ಹುಟ್ಟುತ್ತದೆ. 400 ವ್ಯಾಟಿನ ಆರ್ಬಿಟಲ್ ಸ್ಯಾಂಡರ್ 230 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತದೆ. ಜಾಯಿಂಟಿನಲ್ಲಿ ಅರ್ಧ ಓಮ್ ತಡೆ ಇದ್ದರೂ ಒಂದೂವರೆ ವ್ಯಾಟ್ ಅಲ್ಲೇ ಉರಿಯುತ್ತದೆ. 1000 ವ್ಯಾಟಿನ ಬೆಲ್ಟ್ ಸ್ಯಾಂಡರ್‌ನಲ್ಲಿ ಅದೇ ಅರ್ಧ ಓಮಿಗೆ ಒಂಬತ್ತು ವ್ಯಾಟ್ ದಾಟುತ್ತದೆ. ಅಷ್ಟು ಬಿಸಿ ಬೆರಳ ಗಾತ್ರದ ಪ್ಲಾಸ್ಟಿಕ್ಕಿನೊಳಗೆ. ಬಿಸಿಗೆ ಒಳಗಿನ ಸ್ಪ್ರಿಂಗ್ ಸಡಿಲವಾಗುತ್ತದೆ, ಸಡಿಲವಾದಂತೆ ಇನ್ನೂ ಬಿಸಿಯಾಗುತ್ತದೆ. ಪಿನ್ನಿನ ಬೆಳ್ಳಗಿನ ಹೊಳಪು ಹೋಗಿ ನೀಲಿಗಪ್ಪಾಗಿದ್ದರೆ, ಅದರ ಬುಡದ ಪ್ಲಾಸ್ಟಿಕ್ ಕಂದು ತಿರುಗಿದ್ದರೆ, ಇದು ಆಗಲೇ ಶುರುವಾಗಿದೆ.

ವೈರ್ ಜೋಡಿಸುವ ಮುಂಚೆ ಗೋಡೆಯ ಕಡೆಯ ಪ್ಲಗ್ ಕಿತ್ತಿಡಿ. ಮಿಷನ್ನಿನ ಸ್ವಿಚ್ ಆಫ್ ಇದೆಯೇ, ಸ್ವಿಚ್ಚನ್ನು ಆನ್ ಆಗಿಯೇ ಹಿಡಿದಿಡುವ ಲಾಕ್ ಬಟನ್ ಬಿಟ್ಟಿದೆಯೇ ನೋಡಿ. ಲಾಕ್ ಬಟನ್ ಒತ್ತಿದ್ದಾಗ ಜಾಯಿಂಟ್ ಕಳಚಿ, ಮರೆತು ಹಾಗೇ ಸಿಕ್ಕಿಸಿದರೆ ಮಿಷನ್ ಟೇಬಲ್ ಮೇಲಿಂದ ಹಾರಿ ಕಾಲ ಮೇಲೆ ಬೀಳುತ್ತದೆ. ಕರೆಂಟ್ ಹೋಗಿ ಬಂದಾಗಲೂ ಇದೇ ಕಥೆ. ಸ್ವಿಚ್ ಆನ್ ಇರುವಾಗಲೇ ಜೋಡಿಸಿದರೆ ಪಿನ್ನಿನ ತುದಿಯಲ್ಲಿ ಕಿಡಿ ಬಿದ್ದು ಗುಳಿಯಾಗುತ್ತದೆ. ಗುಳಿ ಬಿದ್ದ ಪಿನ್ನು ಆಮೇಲೆ ಎಂದೂ ಸರಿಯಾಗಿ ತಾಗುವುದಿಲ್ಲ.

ಜಾಯಿಂಟಿನ ಧೂಳು ತೆಗೆಯಲು ಒಣಗಿದ ಹಳೇ ಟೂತ್‌ಬ್ರಷ್ ಸಾಕು. ಜಿಡ್ಡಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ನಿಮಿಷ ಪೂರ್ತಿ ಆರಲು ಬಿಡಿ. ಬಾಯಲ್ಲಿ ಊದಬೇಡಿ, ಉಸಿರಿನ ಪಸೆ ಪುಟ್ಟಿಯ ಧೂಳನ್ನು ಗಟ್ಟಿ ಮಾಡುತ್ತದೆ. ಎಣ್ಣೆ, ಗ್ರೀಸ್ ಬೇಡ. ಕೈಯಲ್ಲೇ ಇದೆಯೆಂದು ಸ್ಯಾಂಡ್ ಪೇಪರಿನಿಂದ ಪಿನ್ನು ತಿಕ್ಕುವವರಿದ್ದಾರೆ. ಮೇಲಿನ ಲೇಪ ಹೋದರೆ ಬೇಗನೇ ಮತ್ತೆ ಕಪ್ಪು.

ಫೆಸ್ಟೂಲ್ ಕಂಪನಿಯ ಪ್ಲಗ್-ಇಟ್‌ನಂಥ ತಿರುಗಿಸಿ ಕೂರಿಸುವ ಪ್ಲಗ್ಗಾದರೆ, ಮೊದಲು ತಳ ಮುಟ್ಟುವವರೆಗೆ ಒತ್ತಿ, ಆಮೇಲೆ ಗುರುತಿನ ಕಡೆಗೆ ಕೊನೆಯವರೆಗೂ ತಿರುಗಿಸಿ. ಅರ್ಧ ತಿರುಗಿಸಿ ಬಿಟ್ಟರೂ ಮಿಷನ್ ಓಡುತ್ತದೆ, ಮೋಸ ಇರುವುದೇ ಅಲ್ಲಿ. ವೈರನ್ನು ಎಳೆದು ಪರೀಕ್ಷೆ ಮಾಡಬೇಡಿ. ಪ್ಲಗ್ಗನ್ನೇ ಹಿಡಿದು ಹಗುರವಾಗಿ ಹಿಂದಕ್ಕೆ ಜಗ್ಗಿ ನೋಡಿ.

ಇನ್ನು ಮುಖ್ಯ ವಿಷಯ. ಪ್ಲಗ್ಗಿನ ಈ ತಿರುಗಿಸುವ ಲಾಕ್ ಇರುವುದು ಪ್ಲಗ್ ಜಾರದಿರಲಿ ಎಂದು, ಎಳೆತ ತಡೆಯಲಿ ಎಂದಲ್ಲ. ಎಳೆತ ಜಾಯಿಂಟಿಗೆ ಬರುವ ಮೊದಲೇ ಬೇರೆಲ್ಲಾದರೂ ನಿಲ್ಲಬೇಕು. ಧೂಳೆಳೆಯುವ ಪೈಪ್ ಹಾಕಿದ್ದರೆ ಕೆಲಸ ಸುಲಭ: ವೈರನ್ನು ಪೈಪಿಗೆ ವೆಲ್ಕ್ರೋ ಪಟ್ಟಿಯಿಂದ ಪ್ರತಿ 30 ಸೆಂ.ಮೀ.ಗೆ ಒಂದರಂತೆ ಕಟ್ಟಿ. ಪ್ಲಗ್‌ನಿಂದ ಮೊದಲ ಕಟ್ಟಿನವರೆಗೆ ಒಂದು ಗೇಣು ವೈರ್ ಸಡಿಲವಾಗಿ ಬಾಗಿರಲಿ. ಎಳೆದಾಗ ಪೈಪ್ ಮೊದಲು ಬಿಗಿಯಬೇಕು, ವೈರ್ ಆಗಲೂ ಸಡಿಲ ಇರಬೇಕು. ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಬಿಗಿದರೆ ವೈರಿನ ಸಿಪ್ಪೆ ಕಚ್ಚುತ್ತದೆ. ಪೈಪ್ ಇಲ್ಲದಿದ್ದರೆ ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಡಿ, ಇಲ್ಲವೇ ಶೆಡ್ಡಿನ ಮೇಲಿನ ಪೈಪಿಗೆ ಕೊಕ್ಕೆ ಹಾಕಿ ಮೇಲಿನಿಂದ ಇಳಿಬಿಡಿ. ಟೇಬಲ್ ಅಂಚಿಗೆ ಉಜ್ಜದಿದ್ದರೆ ಅರ್ಧ ತೊಂದರೆ ಹೋದಂತೆ.

ಲಾಕೇ ಇಲ್ಲದ, ಬರೀ ಒತ್ತಿ ಕೂರಿಸುವ ಪ್ಲಗ್ಗಾದರೆ ಎರಡು ಸೆಂ.ಮೀ. ಅಗಲದ ವೆಲ್ಕ್ರೋ ಪಟ್ಟಿಯೊಂದನ್ನು ಮಿಷನ್ನಿನ ಹಿಂಬದಿಗೂ ಪ್ಲಗ್ಗಿನ ಕುತ್ತಿಗೆಗೂ ಸೇರಿಸಿ ಸುತ್ತಿ, ಗಾಳಿಯಾಡುವ ಕಿಂಡಿಗಳನ್ನು ಬಿಟ್ಟು. ಇನ್ಸುಲೇಷನ್ ಟೇಪ್ ಸುತ್ತುವುದು ಎಲ್ಲರಿಗೂ ರೂಢಿ, ಆದರೆ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಟೇಪಿನ ಗೋಂದು ಕರಗಿ ಹರಿದು, ಮರದ ಪುಡಿ ಮೆತ್ತಿಕೊಂಡು ಉಂಡೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಒಳಗೆ ಸುಡುತ್ತಿರುವುದನ್ನು ಆ ಟೇಪು ಮುಚ್ಚಿಬಿಡುತ್ತದೆ.

ಇನ್ನೊಂದು ತುದಿಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಇರುತ್ತದಲ್ಲ, ಅದನ್ನು ಗಾಳಿಯಲ್ಲಿ ನೇತು ಬಿಡಬೇಡಿ. ಅದರ ಭಾರವೂ ಎಳೆತವೇ. ಅದರ ವೈರ್ 1.5 ಚದರ ಮಿ.ಮೀ. ಇರಲಿ. ಹೊಸ ಮನೆಯ ಕೆಲಸದಲ್ಲಿ ಬೋರ್ಡನ್ನು ಎಂ-ಸ್ಯಾಂಡ್ ರಾಶಿಯ ಪಕ್ಕ ನೆಲದಲ್ಲಿಡದೆ ಕಿಟಕಿ ಚೌಕಟ್ಟಿಗೆ ಕಟ್ಟಿ; ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಸೀಳಿರುವ ಹಿತ್ತಾಳೆ ಪಿನ್ನನ್ನು ಬ್ಲೇಡಿನಿಂದ ಅಗಲಿಸಿ ಬಿಗಿ ಮಾಡುವ ಹಳೇ ಉಪಾಯ ಒಂದು ದಿನಕ್ಕೆ ಸರಿ. ಅಗಲಿಸಿದ ಪಿನ್ನು ಸಾಕೆಟ್ಟಿನೊಳಗಿನ ಸ್ಪ್ರಿಂಗನ್ನು ಇನ್ನಷ್ಟು ಹಿಗ್ಗಿಸುವುದರಿಂದ ಆಮೇಲೆ ಅದರಲ್ಲಿ ಬೇರೆ ಯಾವ ಪಿನ್ನೂ ನಿಲ್ಲುವುದಿಲ್ಲ. ಸಾಕೆಟ್ಟನ್ನೇ ಬದಲಿಸಿ.

ಎಲ್ಲ ಕಟ್ಟಿದ ಮೇಲೆ ಹತ್ತು ನಿಮಿಷ ಕೆಲಸ ಮಾಡಿ, ಗೋಡೆಯ ಪ್ಲಗ್ ಕಿತ್ತು, ಜಾಯಿಂಟನ್ನು ಮುಟ್ಟಿ ನೋಡಿ. ಮೈ ಬಿಸಿಯಷ್ಟಿದ್ದರೆ ಅಡ್ಡಿಯಿಲ್ಲ. ಬೆರಳಿಟ್ಟುಕೊಳ್ಳಲು ಆಗದಿದ್ದರೆ ಆ ವೈರ್ ಮುಂದೆ ಬಳಸಬೇಡಿ. ಅನುಮಾನ ಬಂದರೆ ವೈರನ್ನು ಮಿಷನ್‌ನಿಂದ ಬಿಚ್ಚಿ, ಮಲ್ಟಿಮೀಟರಿನ ಬೀಪ್ ಮೋಡಿನಲ್ಲಿ ಎರಡೂ ತುದಿ ಹಿಡಿದು ಕುತ್ತಿಗೆಯ ಬಳಿ ಹಿಂದೆ ಮುಂದೆ ಬಾಗಿಸಿ. ಬೀಪ್ ಕಡಿದು ಕಡಿದು ಬಂದರೆ ಒಳಗೆ ಎಳೆಗಳು ತುಂಡಾಗಿವೆ. ಸ್ಪೀಡ್ ಕಂಟ್ರೋಲ್ ಇರುವ ಮಿಷನ್ನಿಗೆ ವೈರ್ ಹಾಕಿಕೊಂಡೇ ಈ ಪರೀಕ್ಷೆ ಮಾಡಿದರೆ ಒಳಗಿನ ಎಲೆಕ್ಟ್ರಾನಿಕ್ಸ್‌ನಿಂದ ಸರಿಯಾದ ರೀಡಿಂಗ್ ಬರುವುದಿಲ್ಲ.

ವೈರ್ ಸುಟ್ಟಿದ್ದರೆ ಅದೊಂದನ್ನೇ ಬದಲಿಸಿ ಸುಮ್ಮನಾಗಬೇಡಿ. ಮಿಷನ್ನಿನ ಕಡೆಯ ಪಿನ್ನೂ ಕಪ್ಪಾಗಿದ್ದರೆ ಅದು ಹೊಸ ವೈರಿನ ಸಾಕೆಟ್ಟನ್ನೂ ಬೇಗನೇ ಸುಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಿಸಿ. ಹೊಸದು ಅದೇ ಮಾಡೆಲ್ಲಿನದೇ ಆಗಿರಲಿ, ರಬ್ಬರ್ ಹೊದಿಕೆಯದಾದರೆ ಒಳ್ಳೆಯದು, ಮೆತ್ತಗೆ ಬಾಗುತ್ತದೆ. ಕೆಲಸ ಮುಗಿದ ಮೇಲೆ ವೈರನ್ನು ಮಿಷನ್ನಿಗೆ ಬಿಗಿದು ಸುತ್ತದೆ, ಬಿಚ್ಚಿ, ದೊಡ್ಡ ಸುರುಳಿ ಮಾಡಿ ಪೆಟ್ಟಿಗೆಯಲ್ಲಿಡಿ. ಪ್ಲಗ್ಗಿನ ಬಾಯಿ ಕೆಳಮುಖವಾಗಿರಲಿ. ಚಿತ್ರದುರ್ಗದ ಕಡೆ ಗಾಳಿ ಎದ್ದ ದಿನ ಮುಚ್ಚಿದ ಶೆಡ್ಡಿನೊಳಗೂ ಧೂಳು ಬಂದು ಕೂರುತ್ತದೆ.