ನೊರೊನ್ಹಾ: ಒಂದು ಉಪನಾಮದ ಜಾಡು ಹಿಡಿದ ನನ್ನ ಅನುಭವ

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಬಳಸುವ ಪೋರ್ಚುಗೀಸ್ ಉಪನಾಮಗಳೆಲ್ಲವೂ ಒಂದೇ ಬಗೆಯವಲ್ಲ. ಫೆರ್ನಾಂಡಿಸ್ ಎಂದರೆ ಫೆರ್ನಾಂದೊ ಎಂಬವನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊ ಎಂಬವನ ಮಗ. ಇಂಥ ಹೆಸರುಗಳು ಪೋರ್ಚುಗಲ್ಲಿನ ಯಾವ ಮೂಲೆಯಲ್ಲಿಯಾದರೂ, ಎಷ್ಟು ಸಲವಾದರೂ ಹುಟ್ಟಿರಬಹುದಾದ್ದರಿಂದ ಅವುಗಳ ಮೂಲ ಯಾವುದೆಂದು ಕೇಳುವುದಕ್ಕೇ ಅರ್ಥವಿಲ್ಲ. ನೊರೊನ್ಹಾ, ಸಲ್ದಾನ್ಹಾ ಮೊದಲಾದವು ಹಾಗಲ್ಲ. ಅವು ಒಂದು ನಿರ್ದಿಷ್ಟ ಊರಿನಿಂದ ಹೊರಟು, ಒಂದು ನಿರ್ದಿಷ್ಟ ಮನೆತನದ ಮೂಲಕ ಹರಡಿದ ಹೆಸರುಗಳು. ಪೋರ್ಚುಗಲ್ಲಿನಲ್ಲಿ ವಿರಳ, ನಮ್ಮ ಕರಾವಳಿಯಲ್ಲಿ ಮಾತ್ರ ನೆರೆಹೊರೆಯ ಹೆಸರು. ನಮ್ಮ ಮನೆಯ ಹೆಸರು ನೊರೊನ್ಹಾ ಆಗಿರುವುದರಿಂದ, ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ನಾನು ಈ ಹುಡುಕಾಟಕ್ಕೆ ತೊಡಗಿದೆ. ಹೇಗೆ ಮಾಡಿದಿರಿ ಎಂದು ಬಂಧುಗಳೂ ಪರಿಚಯದವರೂ ಆಗಾಗ ಕೇಳುತ್ತಿರುವುದರಿಂದ ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಆರಂಭದಲ್ಲಿಯೇ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಹೆಸರಿನ ಚರಿತ್ರೆಯೇ ಬೇರೆ, ಆ ಹೆಸರನ್ನು ಹೊತ್ತ ನಮ್ಮ ಮನೆಯ ಚರಿತ್ರೆಯೇ ಬೇರೆ. ಮೊದಲನೆಯದನ್ನು ಹದಿನಾಲ್ಕನೆಯ ಶತಮಾನದಿಂದ ಮುಂದಕ್ಕೆ ಓದಿಕೊಂಡು ಬರಬೇಕು. ಎರಡನೆಯದನ್ನು ನಮ್ಮ ಇಗರ್ಜಿಯ (ಚರ್ಚಿನ) ಪುಸ್ತಕದಿಂದ ಹಿಂದಕ್ಕೆ ಕೆದಕುತ್ತ ಹೋಗಬೇಕು. ಇವೆರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದುಕೊಂಡೆ. ಒಂದರ ಸಂಗತಿಯನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ಎಂದೂ ಬಳಸಲಿಲ್ಲ. ನಮ್ಮಲ್ಲಿ ಮನೆತನದ ಚರಿತ್ರೆ ಬರೆಯುವ ಹಲವರು ಈ ಗೆರೆಯನ್ನು ಅಳಿಸಿಬಿಟ್ಟು, ಗೋವೆಯ ಯಾವುದೋ ಪೋರ್ಚುಗೀಸ್ ವೈಸ್‌ರಾಯನನ್ನು ತಮ್ಮ ಮೂಲಪುರುಷನನ್ನಾಗಿ ಮಾಡಿಕೊಳ್ಳುತ್ತಾರೆ.

ನೊರೊನ್ಹಾದ ಮೂಲ ಪೋರ್ಚುಗಲ್ಲಿನಲ್ಲಿಲ್ಲ, ಉತ್ತರ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದಲ್ಲಿದೆ. ಅಲ್ಲಿನ ಓವಿಯೆದೊ ನಗರದ ಸಮೀಪದಲ್ಲಿ, ಸಿಯೆರೊ ಎಂಬ ದೊಡ್ಡ ಆಡಳಿತ ಪ್ರದೇಶ ಸುತ್ತಲೂ ಆವರಿಸಿರುವ, ಆರು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ನೊರೇನ್ಯ ಎಂಬ ಪುಟ್ಟ ಪಟ್ಟಣವಿದೆ. ನಾವು ‘ನ್ಹಾ’ ಎಂದು ಓದುವ ಅಕ್ಷರಗಳನ್ನು ಪೋರ್ಚುಗೀಸರು ‘ನ್ಯ’ ಎಂದೇ ಉಚ್ಚರಿಸುವುದರಿಂದ ಎರಡು ಹೆಸರುಗಳ ನಂಟು ಕಿವಿಗೆ ತಾನಾಗಿ ತಿಳಿಯುತ್ತದೆ. ಕಾಸ್ತೀಲಿನ ದೊರೆ ಎರಡನೆಯ ಎನ್ರಿಕೆ ತನ್ನ ವಿವಾಹೇತರ ಪುತ್ರ ಅಲ್ಫೊನ್ಸೊ ಎನ್ರಿಕೆಸನನ್ನು ಗಿಹೋನ್ ಮತ್ತು ನೊರೇನ್ಯಗಳ ಕೌಂಟನನ್ನಾಗಿ ಮಾಡಿದನು; 1373ರ ಸಾಂತರೇಮ್ ಒಪ್ಪಂದದಂತೆ ಅವನಿಗೆ ಪೋರ್ಚುಗಲ್ಲಿನ ದೊರೆ ಒಂದನೆಯ ಫೆರ್ನಾಂದೊನ ವಿವಾಹೇತರ ಪುತ್ರಿ ಇಸಬೆಲ್‌ಳೊಂದಿಗೆ ಸಂಬಂಧ ಗೊತ್ತಾಯಿತು. ಈ ಅಲ್ಫೊನ್ಸೊ ತನ್ನ ಮಲಸೋದರನ ಮೇಲೂ, ಅವನ ನಂತರ ಪಟ್ಟಕ್ಕೆ ಬಂದ ಅವನ ಮಗನ ಮೇಲೂ ಮತ್ತೆ ಮತ್ತೆ ದಂಗೆಯೆದ್ದನು. 1383ರಲ್ಲಿ ನೊರೇನ್ಯ ಅವನ ಕೈತಪ್ಪಿ ಓವಿಯೆದೊದ ಬಿಷಪ್ಪನ ಪಾಲಾಯಿತು, 1395ರಲ್ಲಿ ಮುತ್ತಿಗೆಗೆ ಸಿಕ್ಕ ಗಿಹೋನ್ ಸುಟ್ಟುಹೋಯಿತು, ಅಲ್ಫೊನ್ಸೊ ಫ್ರಾನ್ಸಿನಲ್ಲಿ ಪರದೇಶಿಯಾಗಿ ಸತ್ತನು. ಮಕ್ಕಳು ತಾಯಿಯ ತವರಿಗೆ ಬಂದು ಸೇರಿದರು. ತಂದೆಯ ಕೈಬಿಟ್ಟುಹೋಗಿದ್ದ ಆ ಊರಿನ ಹೆಸರನ್ನೇ ಉಪನಾಮವಾಗಿ ಇರಿಸಿಕೊಂಡರು.

ಆಗ ಪೋರ್ಚುಗಲ್ಲಿನಲ್ಲಿ ಆಳುತ್ತಿದ್ದವನು ಇಸಬೆಲ್‌ಳಿಗೆ ವರಸೆಯಲ್ಲಿ ಚಿಕ್ಕಪ್ಪನಾಗಬೇಕಾದ ಒಂದನೆಯ ಜುವಾಂವ್. ಅವನ ಆಶ್ರಯದಲ್ಲಿ ಈ ಮಕ್ಕಳು ಬಹುಬೇಗ ಮೇಲೇರಿದರು. ಪೆದ್ರೊ ಲಿಸ್ಬನ್ನಿನ ಆರ್ಚ್‌ಬಿಷಪ್ಪನಾದನು, ಸಾಂಚೊ ಒದೆಮೀರದ ಕೌಂಟನಾದನು, ಕೊನ್ಸ್ತಾನ್ಸ ಬ್ರಗಾನ್ಸದ ಮೊದಲ ಡ್ಯೂಕನನ್ನು ಮದುವೆಯಾದಳು. ಫೆರ್ನಾಂದೊ ಮಾತ್ರ ನನ್ನಂಥ ಹುಡುಕಾಟದವರಿಗೆ ಒಂದು ಪಾಠವಾಗಿದ್ದಾನೆ. ಉತ್ತರ ಆಫ್ರಿಕದ ಸೆಉತಾ ಕೋಟೆಯ ಮೊದಲ ಗವರ್ನರನಾಗಿದ್ದ ಪೆದ್ರೊ ದೆ ಮೆನೆಜೆಸನ ಮಗಳನ್ನು ಅವನು ಮದುವೆಯಾದನು. ಮಾವನ ಆಸ್ತಿ, ಪದವಿಗಳು ಬರಬೇಕಾದರೆ ಮನೆಯ ಉತ್ತರಾಧಿಕಾರಿ ಮೆನೆಜೆಸ್ ಎಂಬ ಉಪನಾಮವನ್ನೇ ಧರಿಸಬೇಕಾಗಿತ್ತು. ಹೀಗಾಗಿ ಹಿರಿಯ ಶಾಖೆಯವರು ಮೆನೆಜೆಸ್ ಆದರು, ನೊರೊನ್ಹಾ ಕಿರಿಯರಲ್ಲಿ ಉಳಿಯಿತು. ಇತ್ತ ಆರ್ಚ್‌ಬಿಷಪ್ಪನಿಗೂ ಮಕ್ಕಳಿದ್ದರು. ರಾಜಾಜ್ಞೆಯಿಂದ ಅವರು ಸಕ್ರಮಗೊಂಡು, ನೊರೊನ್ಹಾ ಹೆಸರಿನ ಹಲವು ಶಾಖೆಗಳು ಅವರಿಂದಲೇ ಬೆಳೆದವು. ತಂದೆಯ ಹೆಸರೇ ಮಗನಿಗೆ ಬರುತ್ತದೆ ಎಂಬ ಇಂದಿನ ನಂಬಿಕೆಯನ್ನು ಇಟ್ಟುಕೊಂಡು ಹಳೆಯ ಪೋರ್ಚುಗೀಸ್ ವಂಶಾವಳಿಗಳನ್ನು ಓದಲು ಸಾಧ್ಯವೇ ಇಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಅಜ್ಜನ ಹೆಸರನ್ನೂ ಇನ್ನೊಬ್ಬ ತಾಯಿಯ ಕಡೆಯ ಹೆಸರನ್ನೂ ಹಿಡಿಯುತ್ತಿದ್ದರು. ಹೆಣ್ಣುಮಕ್ಕಳ ಹೆಸರಿನ ಮುಂದೆ ಎಷ್ಟೋ ವೇಳೆ ಉಪನಾಮದ ಬದಲು ‘ಯೇಸುವಿನ’, ‘ಅಮಲೋದ್ಭವದ’ ಎಂಬ ಭಕ್ತಿಯ ಮಾತೇ ಇರುತ್ತಿತ್ತು.

ಇವುಗಳಿಗೆಲ್ಲ ನಾನು ಬಳಸಿದ ಆಧಾರಗಳು ಮನೆಯಲ್ಲಿ ಕುಳಿತೇ ನೋಡಬಹುದಾದವು. ಹದಿನೆಂಟನೆಯ ಶತಮಾನದಲ್ಲಿ ಆಂತೋನಿಯೊ ಕಯೆತಾನೊ ದೆ ಸೌಜ ಎಂಬ ಪಾದ್ರಿ ಪೋರ್ಚುಗಲ್ಲಿನ ರಾಜಮನೆತನದ ವಂಶಚರಿತ್ರೆಯನ್ನು ಹಲವು ಸಂಪುಟಗಳಲ್ಲಿ ಬರೆದಿದ್ದಾನೆ. ನೊರೊನ್ಹಾಗಳು ಎರಡೂ ಕಡೆಯಿಂದ ರಾಜರಕ್ತದವರಾದ್ದರಿಂದ ಅದರಲ್ಲಿ ಸಿಗುತ್ತಾರೆ. ಲಿಸ್ಬನ್ನಿನ ತೋರೆ ದೊ ತೊಂಬೊ ರಾಷ್ಟ್ರೀಯ ಪತ್ರಾಗಾರವು ತನ್ನ ದಾಖಲೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. 1911ರಲ್ಲಿ ಸರಕಾರಿ ನೋಂದಣಿ ಎಲ್ಲರಿಗೂ ಕಡ್ಡಾಯವಾಗುವವರೆಗೆ ಜನನ, ಮದುವೆ, ಮರಣಗಳ ಲೆಕ್ಕವೆಲ್ಲ ಇಗರ್ಜಿಗಳ ಪುಸ್ತಕಗಳಲ್ಲಿಯೇ ಇರುತ್ತಿತ್ತು. ಆದರೆ ನೊರೊನ್ಹಾದಂಥ ಆಸ್ಥಾನಿಕರ ಹೆಸರುಗಳು ಹೆಚ್ಚಾಗಿ ಲಿಸ್ಬನ್ನಿನವು, ಮತ್ತು 1755ರ ಭೂಕಂಪ ಹಾಗೂ ಅದರ ಬೆನ್ನಿಗೆ ಬಂದ ಬೆಂಕಿಯಲ್ಲಿ ಆ ನಗರದ ಅನೇಕ ಇಗರ್ಜಿಗಳ ಪುಸ್ತಕಗಳು ನಾಶವಾದವು. ಹಳ್ಳಿಗಾಡಿನ ಸಾಧಾರಣ ಹೆಸರಿನ ರೈತನೊಬ್ಬನ ಜಾಡು ಶ್ರೀಮಂತರ ಜಾಡಿಗಿಂತ ನಿಚ್ಚಳವಾಗಿ ಸಿಗುವುದು ಇದರಿಂದಲೇ.

ವಿರಳ ಹೆಸರೆಂದರೆ ಹೊತ್ತವರೆಲ್ಲ ಒಂದೇ ಕುಲದವರೆಂದು ಹೇಳುವ ಹಾಗೂ ಇಲ್ಲ. ಬ್ರೆಜಿಲ್ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ ಫೆರ್ನಾಂದೊ ದೆ ನೊರೊನ್ಹಾ ಎಂಬ ದ್ವೀಪಸಮೂಹವಿದೆ. 2001ರಿಂದ ಅದು ಯುನೆಸ್ಕೊದ ವಿಶ್ವ ಪರಂಪರೆಯ ತಾಣ. ನಮ್ಮ ಹೆಸರಿನವರಿಗೆ ಅದರ ಬಗ್ಗೆ ದೊಡ್ಡ ಹೆಮ್ಮೆ. ಆದರೆ ಆ ದ್ವೀಪವನ್ನು 1504ರಲ್ಲಿ ದೊರೆಯಿಂದ ಪಡೆದವನು ಲಿಸ್ಬನ್ನಿನ ವ್ಯಾಪಾರಿ ಫೆರ್ನಾಂವ್ ದೆ ಲೊರೊನ್ಹಾ. ಬ್ರೆಜಿಲ್ಲಿನ ಬಣ್ಣದ ಮರದ ವ್ಯಾಪಾರವನ್ನು ಗುತ್ತಿಗೆ ಹಿಡಿದಿದ್ದ ಅವನು ಯಹೂದಿ ಮೂಲದ ನವಕ್ರೈಸ್ತರ ಪೈಕಿಯವನು. ಕಾಲಕ್ರಮೇಣ ‘ಲೊ’ ಅಳಿದು ‘ನೊ’ ಬಂದು, ಎರಡು ಸಂಬಂಧವಿಲ್ಲದ ಹೆಸರುಗಳು ನಕ್ಷೆಯ ಮೇಲೆ ಒಂದಾಗಿಬಿಟ್ಟವು. ಹಾಗೆಂದು ನಿಜವಾದ ನೊರೊನ್ಹಾಗಳು ಬ್ರೆಜಿಲ್ಲಿಗೆ ಹೋಗಿಲ್ಲವೆಂದಲ್ಲ. ಕೌಂಟ್ ದೊಸ್ ಆರ್ಕೊಸ್ ಪದವಿಯ ಮಾರ್ಕೊಸ್ ದೆ ನೊರೊನ್ಹಾ ಇ ಬ್ರಿತೊ 1806ರಿಂದ 1808ರವರೆಗೆ ಅಲ್ಲಿನ ಕೊನೆಯ ವೈಸ್‌ರಾಯನಾಗಿದ್ದನು. ಮದೇರಾ ದ್ವೀಪದಲ್ಲಿಯೂ ಈ ಹೆಸರು ಬೇರೂರಿತ್ತು. ಬ್ರೆಜಿಲ್ಲಿನಲ್ಲಿ ಬಿಡುಗಡೆಯಾದ ಗುಲಾಮರು ಒಡೆಯರ ಉಪನಾಮವನ್ನು ಧರಿಸಿದ ಉದಾಹರಣೆಗಳು ಹೇರಳವಾಗಿರುವುದರಿಂದ, ಅಲ್ಲಿಯೂ ಹೆಸರು ಇದ್ದಲ್ಲೆಲ್ಲ ವಂಶ ಇದೆ ಎನ್ನುವಂತಿಲ್ಲ.

ಪೂರ್ವಕ್ಕೆ ಈ ಹೆಸರು ಬಂದ ಬಗೆಯೇ ನನಗೆ ಮುಖ್ಯವಾಗಿತ್ತು. ಗೋವೆಯನ್ನು ಗೆದ್ದ ಅಫೊನ್ಸೊ ದೆ ಅಲ್ಬುಕರ್ಕನ ಸೋದರಿಯೊಬ್ಬಳು ನೊರೊನ್ಹಾ ಮನೆಗೆ ಮದುವೆಯಾಗಿದ್ದಳು. ಅವಳ ಮಗ ಆಂತೋನಿಯೊ ದೆ ನೊರೊನ್ಹಾ 1510ರಲ್ಲಿ ಗೋವೆಯ ಕಾಳಗದಲ್ಲಿಯೇ ಮಡಿದನು. ಇನ್ನೊಬ್ಬ ಮಗ ಗಾರ್ಸಿಯ 1538ರಿಂದ 1540ರವರೆಗೆ ವೈಸ್‌ರಾಯನಾಗಿದ್ದನು. ಅಲ್ಲಿಂದ ಮುಂದೆ 1550ರಿಂದ 1554ರವರೆಗೆ ಅಫೊನ್ಸೊ, 1564ರಿಂದ 1568ರವರೆಗೆ ಆಂತಾಂವ್, 1571ರಿಂದ 1573ರವರೆಗೆ ಬೇರೊಬ್ಬ ಆಂತೋನಿಯೊ ಹೀಗೆ ನೊರೊನ್ಹಾಗಳು ಅದೇ ಗದ್ದುಗೆಯಲ್ಲಿ ಕುಳಿತರು. ಇವರಲ್ಲಿ ಆಂತಾಂವ್ ದೆ ನೊರೊನ್ಹಾನೇ 1568ರ ಆರಂಭದಲ್ಲಿ ಉಳ್ಳಾಲದ ರಾಣಿಯ ಮೇಲೆ ದಂಡೆತ್ತಿ ಬಂದು ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿಸಿದವನು. ಪಣಜಿಯಿಂದ ರಿಬಂದರಿಗೆ ಹೋಗುವ ಉದ್ದನೆಯ ಕಲ್ಲುಸೇತುವೆ 1630ರ ದಶಕದಲ್ಲಿ ವೈಸ್‌ರಾಯನಾಗಿದ್ದ ಲಿನ್ಯಾರೆಸ್‌ನ ಕೌಂಟ್ ಮಿಗೆಲ್ ದೆ ನೊರೊನ್ಹಾ ಕಟ್ಟಿಸಿದ್ದು. ಇಂದಿಗೂ ಅದಕ್ಕೆ ಅವನ ಪದವಿಯದೇ ಹೆಸರು.

ಮೇಲಿನ ಇಸವಿಗಳನ್ನು ಗೋವೆಯ ಮತಾಂತರದ ಇಸವಿಗಳ ಪಕ್ಕದಲ್ಲಿಟ್ಟು ನೋಡಿದಾಗ ನನ್ನ ಹುಡುಕಾಟದ ಮುಖ್ಯ ಸಂಗತಿ ಹೊಳೆಯಿತು. ತಿಸ್ವಾಡಿ, ಬಾರ್ದೇಸ್, ಸಾಷ್ಟಿಗಳಲ್ಲಿ ಸಾಮೂಹಿಕ ಜ್ಞಾನಸ್ನಾನಗಳು ನಡೆದದ್ದು ಹೆಚ್ಚಾಗಿ ಇದೇ ದಶಕಗಳಲ್ಲಿ. ಹೊಸದಾಗಿ ಕ್ರೈಸ್ತನಾದವನಿಗೆ ಹೊಸ ಹೆಸರಿನ ಜೊತೆಗೆ ಉಪನಾಮವೂ ಬೇಕಾಗುತ್ತಿತ್ತು. ಅದು ಬರುತ್ತಿದ್ದುದು ಹೊಣೆ ನಿಂತ ಧರ್ಮಪಿತನಿಂದ ಅಥವಾ ಸ್ನಾನ ಮಾಡಿಸಿದ ಪಾದ್ರಿಯಿಂದ. ದೊಡ್ಡ ಸಮಾರಂಭಗಳಲ್ಲಿ ವೈಸ್‌ರಾಯನೇ ಖುದ್ದಾಗಿ ಹಾಜರಿರುತ್ತಿದ್ದನು, ಅವನ ಬಂಧುಗಳೂ ಅಧಿಕಾರಿಗಳೂ ಧರ್ಮಪಿತರಾಗಿ ನಿಲ್ಲುತ್ತಿದ್ದರು. ಮೂವತ್ತೈದು ವರ್ಷಗಳ ಅವಧಿಯಲ್ಲಿ ನಾಲ್ವರು ನೊರೊನ್ಹಾ ವೈಸ್‌ರಾಯರು ಬಂದುಹೋದ ಊರಿನಲ್ಲಿ ಈ ಹೆಸರು ಸಾಮಾನ್ಯ ರೈತರ ಮನೆಗಳಿಗೆ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ. ಪೋರ್ಚುಗಲ್ಲಿನಲ್ಲಿ ಕೆಲವೇ ಸಿರಿವಂತರ ಸೊತ್ತಾಗಿದ್ದ ಹೆಸರು ಪಶ್ಚಿಮ ಕರಾವಳಿಯಲ್ಲಿ ಊರ ಹೆಸರಾದದ್ದು ಹೆರಿಗೆಯಿಂದಲ್ಲ, ಜ್ಞಾನಸ್ನಾನದಿಂದ ಎಂಬುದು ನನ್ನ ತೀರ್ಮಾನ. ನಮ್ಮ ಮನೆಗೂ ಅಸ್ತೂರಿಯಾಸಿಗೂ ರಕ್ತದ ನಂಟನ್ನು ಹೇಳಲು ನನ್ನಲ್ಲಿ ಒಂದು ಚೂರು ಕಾಗದವೂ ಇಲ್ಲ. ಅಂಗಡಿಗಳಲ್ಲಿಯೂ ಅಂತರ್ಜಾಲದಲ್ಲಿಯೂ ಹಣ ಕೊಟ್ಟರೆ ಸಿಗುವ ‘ನೊರೊನ್ಹಾ ಕುಲಲಾಂಛನ’ವನ್ನು ನಮ್ಮ ಹಜಾರದಲ್ಲಿ ತೂಗುಹಾಕಲು ನಾನು ಒಪ್ಪದಿರುವುದು ಇದಕ್ಕಾಗಿಯೇ, ಮಕ್ಕಳಿಗೆ ಈ ವಿಷಯದಲ್ಲಿ ನನ್ನ ಮೇಲೆ ಸ್ವಲ್ಪ ಅಸಮಾಧಾನವಿದೆ.

ಇನ್ನು ಹಿಂದಕ್ಕೆ ಹೋಗುವ ಕೆಲಸ. ಗೋವೆಯಿಂದ ಕೆನರಾಕ್ಕೆ ನಮ್ಮವರು ಒಂದೇ ಸಲಕ್ಕೆ ಬಂದವರಲ್ಲ. ಯುದ್ಧ, ಬರ, 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಶನ್ ಎಂಬ ಮತವಿಚಾರಣೆ, 1683ರಲ್ಲಿ ಸಂಭಾಜಿಯ ದಾಳಿ, 1730ರ ದಶಕದ ಕೊನೆಯ ಮರಾಠರ ದಂಡಯಾತ್ರೆ ಇವೆಲ್ಲ ಬೇರೆ ಬೇರೆ ಕಾಲಗಳಲ್ಲಿ ಜನರನ್ನು ದಕ್ಷಿಣಕ್ಕೆ ತಳ್ಳಿದವು. ಕೆಳದಿಯ ನಾಯಕರಿಗೆ ಒಳ್ಳೆಯ ಬೇಸಾಯಗಾರರು ಬೇಕಾಗಿದ್ದರು. ಆದರೆ ಆ ವಲಸೆಯ ಕಾಲದ ಇಗರ್ಜಿ ಪುಸ್ತಕಗಳು ನಮ್ಮಲ್ಲಿ ಉಳಿದಿಲ್ಲವೆಂದೇ ಹೇಳಬೇಕು. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳು ನೆಲಸಮವಾದವು. 1799ರ ನಂತರ ಮರಳಿದವರು ಎಲ್ಲವನ್ನೂ ಹೊಸದಾಗಿ ಆರಂಭಿಸಿದರು. ನಮ್ಮ ಹೆಚ್ಚಿನ ಮನೆತನಗಳ ಲಿಖಿತ ಚರಿತ್ರೆ ಅಲ್ಲಿಗೆ ನಿಲ್ಲುತ್ತದೆ.

ಆ ಹೊಸ ಪುಸ್ತಕಗಳನ್ನು ಓದಲು ತಾಳ್ಮೆ ಬೇಕು. ನಮ್ಮ ಇಗರ್ಜಿಯ ಧರ್ಮಗುರುಗಳು ಕಚೇರಿಯಲ್ಲಿ ಕುಳಿತು ನೋಡಲು ಅನುಮತಿ ಕೊಟ್ಟರು. ಕಂದು ಬಣ್ಣಕ್ಕೆ ತಿರುಗಿದ ಶಾಯಿ ಹಾಳೆಯ ಹಿಂಬದಿಗೂ ಇಳಿದಿರುವುದರಿಂದ ಎರಡು ಪುಟಗಳ ಅಕ್ಷರಗಳು ಒಂದರ ಮೇಲೊಂದು ಕಾಣುತ್ತವೆ; ಅಂಚಿನಲ್ಲಿ ಮಗುವಿನ ಹೆಸರು, ನಡುವೆ ತಂದೆತಾಯಿಯ ಹೆಸರು, ಕೊನೆಯಲ್ಲಿ ಧರ್ಮಪಿತ ಮತ್ತು ಧರ್ಮಮಾತೆಯರ ಹೆಸರು. ಬರೆದ ಪಾದ್ರಿಗಳು ಕಾಗದವನ್ನೂ ಸಮಯವನ್ನೂ ಉಳಿಸಲು ಫೆರ್ನಾಂಡಿಸನ್ನು ಮೂರು ಅಕ್ಷರಗಳಿಗೂ ರೊಡ್ರಿಗಸನ್ನು ‘ರೊಯಿಜ್’ ಎಂಬಷ್ಟಕ್ಕೂ ಮೊಟಕುಗೊಳಿಸುತ್ತಿದ್ದರು. ನಮ್ಮ ಹೆಸರಿನಲ್ಲಿಯಂತೂ ಮೊದಲ ಮೂರು ಅಕ್ಷರಗಳನ್ನು ಬರೆದು, ತಲೆಯ ಮೇಲೆ ಒಂದು ಸಣ್ಣ ‘ಅ’ವನ್ನು ಏರಿಸಿ ಮುಗಿಸಿದ್ದಾರೆ. ಈ ಸಂಕ್ಷೇಪಗಳ ಪಟ್ಟಿಯೊಂದನ್ನು ಮಾಡಿಕೊಳ್ಳದೆ ಮುಂದುವರಿಯಬಾರದು. ಇದಕ್ಕಿಂತಲೂ ಬೆಲೆಯುಳ್ಳದ್ದು ಮದುವೆಯ ಪುಸ್ತಕ. ನಾಲ್ಕನೆಯ ತಲೆಮಾರಿನೊಳಗಿನ ರಕ್ತಸಂಬಂಧಿಗಳ ಮದುವೆಗೆ ಆ ಕಾಲದಲ್ಲಿ ವಿಶೇಷ ಅನುಮತಿ ಬೇಕಾಗಿದ್ದು, ಅದನ್ನು ನಮೂದಿಸುವಾಗ ಪಾದ್ರಿಯು ಎಷ್ಟನೆಯ ತಲೆಮಾರಿನ ಸಂಬಂಧವೆಂದು ಬರೆಯುತ್ತಿದ್ದನು. 1820ರ ಸುಮಾರಿನ ಮದುವೆಯೊಂದರಲ್ಲಿ ‘ನಾಲ್ಕನೆಯದು’ ಎಂದಿದ್ದರೆ, ವಧೂವರರ ಮುತ್ತಜ್ಜನ ತಂದೆ ಅಥವಾ ತಾಯಿ ಒಬ್ಬರೇ ಎಂದಾಯಿತು. ಅಂದರೆ ಸೆರೆಯ ಆಚೆಗಿನ, ಪುಸ್ತಕವೇ ಇಲ್ಲದ ಕಾಲದ ಒಂದು ನಂಟು ಕೈಗೆ ಸಿಕ್ಕಿತು.

ಇಂದಿನ ಹರವನ್ನು ಗುರುತಿಸಲು ಮತದಾರರ ಪಟ್ಟಿಗಿಂತ ಒಳ್ಳೆಯ ಸಾಧನ ನನಗೆ ಸಿಗಲಿಲ್ಲ. ಕರ್ನಾಟಕದ ಪಟ್ಟಿ ಕನ್ನಡದಲ್ಲಿರುವುದರಿಂದ ನೊರೊನ್ಹಾ, ನೊರೋನ್ಹ, ನರೋನ್ಹಾ, ನೊರೊನ್ನಾ ಹೀಗೆ ಬೆರಳಚ್ಚಿನವರ ಕಿವಿಗೆ ತಕ್ಕಂತೆ ರೂಪಗಳು ಬದಲಾಗುತ್ತವೆ; ಎಲ್ಲವನ್ನೂ ಹುಡುಕಬೇಕು, ಮತ್ತು ತಂದೆಯ ಅಥವಾ ಗಂಡನ ಹೆಸರಿನ ಅಂಕಣವನ್ನು ಬಿಡಬಾರದು. ಹೊರಗಿನ ಹರವು ನೌಕರಿಯ ಬೆನ್ನು ಹಿಡಿದು ಹೋದದ್ದು: ಮುಂಬಯಿ, ಕರಾಚಿ, ಪೂರ್ವ ಆಫ್ರಿಕದ ರೈಲ್ವೆ ಮತ್ತು ಕಚೇರಿಗಳು, 1972ರಲ್ಲಿ ಉಗಾಂಡದಿಂದ ಏಷ್ಯಾದವರನ್ನು ಹೊರಹಾಕಿದ ಮೇಲೆ ಬ್ರಿಟನ್ ಮತ್ತು ಕೆನಡಾ, ಆಮೇಲೆ ಕೊಲ್ಲಿ ದೇಶಗಳು.

ಈಗ ನಾನು ನೋಡುತ್ತಿರುವುದು ಗೋವೆಯ ಗಾಂವ್ಕಾರಿ ಎಂಬ ಊರ ಸಮುದಾಯಗಳ ಪುಸ್ತಕಗಳನ್ನು. ಊರಿನ ಜಮೀನಿನ ಆದಾಯದಲ್ಲಿ ‘ಜೋಣ್’ ಎಂಬ ಪಾಲು ಪಡೆಯುವ ಗಾಂವ್ಕಾರರನ್ನು ಅಲ್ಲಿ ‘ವಾಂಗಡ್’ ಎಂಬ ಕುಲಗಳಾಗಿ ವಿಂಗಡಿಸಿ ಬರೆಯುತ್ತಾರೆ. ಅಣ್ಣತಮ್ಮಂದಿರು ಬೇರೆ ಬೇರೆ ಧರ್ಮಪಿತರಿಂದ ಬೇರೆ ಬೇರೆ ಉಪನಾಮ ಪಡೆದಿದ್ದರೂ ಅವರ ವಾಂಗಡ್ ಬದಲಾಗಲಿಲ್ಲ. ಒಂದೇ ವಾಂಗಡಿನಲ್ಲಿ ಹಲವು ಉಪನಾಮಗಳೂ, ಒಂದೇ ಊರಿನ ಎರಡು ವಾಂಗಡ್‌ಗಳಲ್ಲಿ ಒಂದೇ ಉಪನಾಮವೂ ಸಿಗುತ್ತವೆ. ಮಂಗಳೂರಿನ ಮನೆಗಳಲ್ಲಿ ಹಿರಿಯರು ಇಂದಿಗೂ ನೆನಪಿಟ್ಟುಕೊಂಡಿರುವ ಪ್ರಭು, ಕಾಮತ್, ಪೈ, ಶೆಣೈ ಎಂಬ ಹಳೆಯ ಹೆಸರುಗಳನ್ನು ಈ ವಾಂಗಡ್‌ಗಳೊಂದಿಗೆ ತಾಳೆ ನೋಡಬೇಕಾಗಿದೆ. ಆದ್ದರಿಂದ ಈ ಕೆಲಸಕ್ಕೆ ಕೈಹಾಕುವವರು ಪತ್ರಾಗಾರಕ್ಕೆ ಹೋಗುವ ಮೊದಲು ಮನೆಯ ಹಿರಿಯರಿಂದ ಆ ಹಳೆಯ ಹೆಸರನ್ನೂ ಗೋವೆಯ ಊರಿನ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಎರಡು ಹೆಸರುಗಳಿಲ್ಲದೆ ಯಾವ ಊರಿನ ಪುಸ್ತಕವನ್ನು ತೆಗೆಸಬೇಕೆಂಬುದೇ ಗೊತ್ತಾಗುವುದಿಲ್ಲ.