ವಿಂಡೋಸ್ ಫೋಲ್ಡರ್ ಮ್ಯಾಕ್‌ನಲ್ಲಿ ತೆರೆಯುತ್ತಿಲ್ಲವೇ?

ಚಿಕ್ಕಮಗಳೂರಿನ ಎಸ್ಟೇಟ್ ಆಫೀಸುಗಳಲ್ಲಿ ರೈಟರ (ಗುಮಾಸ್ತರ) ಮೇಜಿನ ಮೇಲೆ ವಿಂಡೋಸ್, ಮಾಲೀಕರ ಬಳಿ ಮ್ಯಾಕ್, ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್ ಇದ್ದರೂ ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ) ಫೈಲು ಪೆನ್‌ಡ್ರೈವ್‌ನಲ್ಲೇ ಓಡಾಡುತ್ತಿರುತ್ತದೆ. ಶೇರ್ ಮಾಡಲು ಹೊರಟವರು ಒಂದು ಸಲ ಎರರ್ ಬಂದರೆ ಸಾಕು, ಹೊರಗಿನ ದಾಳಿ ತಡೆಯುವ ಫೈರ್‌ವಾಲನ್ನೇ ಆಫ್ ಮಾಡಿಬಿಡುತ್ತಾರೆ. ಅದು ಬೇಡ.

ಮೊದಲು, ಎಲ್ಲವೂ ಒಂದೇ ವೈಫೈನಲ್ಲಿರಲಿ. ಗೆಸ್ಟ್ ವೈಫೈ ಆಗದು. ವಿಂಡೋಸ್‌ನಲ್ಲಿ ನೆಟ್‌ವರ್ಕನ್ನು ‘ಪ್ರೈವೇಟ್’ಗೆ ಬದಲಿಸಿ.

ನೆಟ್‌ವರ್ಕ್ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೇರವಾಗಿ ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ವಿಳಾಸದ ಅಂಕಿ) ಕೊಡಿ: ವಿಂಡೋಸ್‌ನಿಂದಾದರೆ \\192.168.1.10, ಮ್ಯಾಕ್‌ನ ಫೈಂಡರ್‌ನಲ್ಲಿ ಕಮಾಂಡ್-ಕೆ ಒತ್ತಿ ಎಸ್‌ಎಂಬಿ://192.168.1.10 (ಎಸ್‌ಎಂಬಿ ಎಂದರೆ ಫೈಲು ಶೇರ್ ಮಾಡುವ ಪದ್ಧತಿ, ಇಂಗ್ಲಿಷ್ ಅಕ್ಷರದಲ್ಲಿ smb ಎಂದೇ ಬರೆಯಿರಿ; ಐಪಿ ಫೈಲು ಇರುವ ಕಂಪ್ಯೂಟರಿನದು). ಪಾಸ್‌ವರ್ಡ್ ಕೇಳಿತೆಂದರೆ ದಾರಿ ಸರಿಯಿದೆ. ಕೇಬಲ್, ಫೈರ್‌ವಾಲ್ ಮುಟ್ಟಬೇಡಿ.

ಹೆಚ್ಚಿನವರು ಸೋಲುವುದು ಇಲ್ಲೇ. ವಿಂಡೋಸ್ ತೆರೆಯುವ ನಾಲ್ಕಂಕಿಯ ಪಿನ್ ನೆಟ್‌ವರ್ಕ್‌ನಲ್ಲಿ ನಡೆಯದು, ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ಹೊರಗಿನಿಂದ ಬಿಟ್ಟುಕೊಳ್ಳದು. ಹಾಗಾಗಿ ಶೇರಿಂಗ್‌ಗೆಂದೇ ಒಂದು ಲೋಕಲ್ ಖಾತೆ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಸೆಕ್ಯೂರಿಟಿ ಎರಡೂ ಕಡೆ ಆ ಖಾತೆಗೆ ಬರೆಯುವ ಅನುಮತಿ ಇರಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ಲಾಗೂ. ಫೈಲು ತೆರೆದರೂ ಸೇವ್ ಆಗದಿರುವುದು ಇದರಿಂದಲೇ. ಎಲ್ಲರಿಗೂ ಬಾಗಿಲು ತೆರೆಯುವ ‘ಎವೆರಿವನ್’ ಸೇರಿಸುವುದು ಸೋಮಾರಿಗಳ ದಾರಿ.

ಉಬುಂಟುವಿನಲ್ಲಿ ಫೋಲ್ಡರ್ ಶೇರ್ ಮಾಡುವ ಸಾಂಬಾ ಸಾಫ್ಟ್‌ವೇರಿಗೆ ಲಾಗಿನ್ ಪಾಸ್‌ವರ್ಡ್ ಸಾಲದು. ಎಸ್‌ಎಂಬಿಪಾಸ್‌ಡಬ್ಲ್ಯುಡಿ (smbpasswd) ಕಮಾಂಡ್‌ನಿಂದ ಅದೇ ಬಳಕೆದಾರನಿಗೆ ಪ್ರತ್ಯೇಕವಾಗಿ ಪಾಸ್‌ವರ್ಡ್ ಹಾಕಬೇಕು.

ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡದೇ? ವಿಂಡೋಸ್ ಹಳೆಯದನ್ನೇ ನೆನಪಿಟ್ಟುಕೊಂಡಿರಬಹುದು. ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಆ ಐಪಿಯ ನಮೂದು ಅಳಿಸಿ, ಸೈನ್‌ಔಟ್ ಆಗಿ ಮತ್ತೆ ಬನ್ನಿ.

ಯೂಟ್ಯೂಬ್ ಪಂಡಿತರು ಎಸ್‌ಎಂಬಿಯ ಹಳೇ ಆವೃತ್ತಿಯಾದ ‘ಎಸ್‌ಎಂಬಿ 1 ಆನ್ ಮಾಡಿ’ ಎನ್ನುತ್ತಾರೆ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹರಡಿದ್ದು ಅದರ ಬಿರುಕಿನಿಂದಲೇ. ಅದಿಲ್ಲದೆ ನಡೆಯದ ಹಳೇ ಹಾರ್ಡ್‌ಡಿಸ್ಕ್ ಬಾಕ್ಸ್ ಇದ್ದರೆ ಬಾಕ್ಸನ್ನೇ ಬದಲಿಸಿ.

ಎಲ್ಲ ಸರಿಯಿದ್ದದ್ದು ಕರೆಂಟು ಹೋಗಿಬಂದ ಮೇಲೆ ಕೆಟ್ಟರೆ ಐಪಿ ಬದಲಾಗಿದೆಯೇ ನೋಡಿ. ರೂಟರಿನ ಡಿಎಚ್‌ಸಿಪಿ (ಐಪಿ ಹಂಚುವ) ಪುಟದಲ್ಲಿ ಫೈಲು ಇರುವ ಕಂಪ್ಯೂಟರಿಗೆ ಒಂದೇ ಐಪಿ ಕಾಯ್ದಿರಿಸಿ. ಅದರ ಸ್ಲೀಪ್ ಕೂಡ ‘ನೆವರ್’ ಇರಲಿ. ಮಲಗಿದ ಕಂಪ್ಯೂಟರು ಫೈಲು ಕೊಡದು.