ಮಗುವಿಗೆ ಸ್ನಾನ ಮಾಡಿಸಬೇಡಿ, ಮೊದಲು ಆಸ್ಪತ್ರೆಗೆ ಹೊರಡಿ

ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ತಕ್ಷಣ ತಾಯಂದಿರು ನೀರು ಕಾಯಿಸಿ ಮಗುವಿಗೆ ಸ್ನಾನ ಮಾಡಿಸುತ್ತಾರೆ, ಬಟ್ಟೆ ಒಗೆದು ಹಾಕುತ್ತಾರೆ. ಮಂಡ್ಯದಲ್ಲಿ ಮಕ್ಕಳ ಆಪ್ತ ಸಮಾಲೋಚಕಿಯಾಗಿ ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಕರುಳಿನ ಸಂಕಟ ಅದು, ತಪ್ಪು ಅನ್ನಲಾರೆ. ಆದರೆ ಸಾಕ್ಷ್ಯ ತೊಳೆದು ಹೋಗುವುದು ಅಲ್ಲೇ.

1. ಮನೆಯಲ್ಲಿ: ಸ್ನಾನ ಬೇಡ. ಅರಿಶಿನ, ಡೆಟಾಲ್ ನೀರು, ವೆಟ್ ವೈಪ್ಸ್ ಯಾವುದೂ ಬೇಡ. ಬಾಯಿಗೆ ಸಂಬಂಧಿಸಿದ ದೌರ್ಜನ್ಯವಾಗಿದ್ದರೆ ಬಾಯಿ ಮುಕ್ಕಳಿಸುವುದೂ ಬೇಡ. ಮೈಮೇಲಿನ ಬಟ್ಟೆ ಹಾಗೇ ಇರಲಿ, ಬದಲಿ ಬಟ್ಟೆ ಜೊತೆಗೆ ಒಯ್ಯಿರಿ. ಆಗಲೇ ಬಟ್ಟೆ ಬಿಚ್ಚಿದ್ದರೆ ಕೊಡವಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ. ಅಂಗಡಿಯ ಪ್ಲಾಸ್ಟಿಕ್ ಕವರ್ ಖಂಡಿತ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಸ್ನಾನ ಆಗಿಹೋಗಿದ್ದರೂ ಸುಮ್ನೆ ಕೂರಬೇಡಿ, ಒಗೆದ ಬಟ್ಟೆಯನ್ನೂ ತನ್ನಿ.

ಇನ್ನೊಂದು ಮಾತು. ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರೂ ಕೂರಿಸಿಕೊಂಡು ಕೇಳಬೇಡಿ. ಮಗು ತಾನಾಗಿ ಹೇಳಿದ್ದನ್ನು ಅದರ ಮಾತಲ್ಲೇ ಬರೆದಿಡಿ. ‘ಅವನೇ ಅಲ್ವಾ?’ ಎಂದು ನೀವೇ ಉತ್ತರ ಬಾಯಿಗೆ ಹಾಕಬೇಡಿ.

2. ಆಸ್ಪತ್ರೆ: ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಚೆಲುವಾಂಬ. ಖಾಸಗಿ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಎಫ್‌ಐಆರ್ ಆಗಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 27ನೇ ಕಲಂ ಇರುವುದೇ ಅದಕ್ಕೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ‘ಸೋಮವಾರ ಹೋಗೋಣ’ ಅನ್ನಬೇಡಿ.

3. ಪರೀಕ್ಷೆ: ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ಮಗು ನಂಬುವವರು ಪಕ್ಕದಲ್ಲಿರಬೇಕು. ನನ್ನ ಕೇಳಿದರೆ ಒಬ್ಬರೇ ಸಾಕು, ಜಾಸ್ತಿ ಜನ ಬೇಡ. 12 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಮಗು ಪರೀಕ್ಷೆ ಬೇಡ ಅಂದರೂ ಚಿಕಿತ್ಸೆ ಕೊಡಲೇಬೇಕು. ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಮಾಡಕೂಡದು ಎಂದು ಸುಪ್ರೀಂ ಕೋರ್ಟ್ 2022ರಲ್ಲೂ ಖಡಾಖಂಡಿತವಾಗಿ ಹೇಳಿದೆ.

ವರದಿಯಲ್ಲಿ ‘ಗಾಯವಿಲ್ಲ’ ಎಂದಿದ್ದರೆ ಮಗುವಿನ ಮೇಲೆ ಅನುಮಾನ ಪಡಬೇಡಿ. ಎಷ್ಟೋ ದೌರ್ಜನ್ಯ ಗಾಯವನ್ನೇ ಉಳಿಸುವುದಿಲ್ಲ. ಉಳಿಸಿದರೂ ಮಕ್ಕಳ ಮೈ ಬೇಗ ಮಾಯುತ್ತದೆ.

4. ದೂರು: ಪೊಲೀಸ್ ಠಾಣೆ, ಇಲ್ಲವೇ ಮಕ್ಕಳ ಸಹಾಯವಾಣಿ 1098.

5. ವರದಿಯ ಪ್ರತಿ ಕೇಳಿ ಪಡೆಯಿರಿ, ಅದಕ್ಕೆ ದುಡ್ಡಿಲ್ಲ. ಎರಡು ದಿನ ಬಿಟ್ಟು ಮಗುವನ್ನು ಮತ್ತೆ ತೋರಿಸಿ. ಮೊದಲ ದಿನ ಕಾಣದ ಕಂದಿದ ಗುರುತು ಆಗ ಎದ್ದು ಕಾಣಬಹುದು.